ನಲ್ಲಿಯ ಲೆಕ್ಕ, ಮೋರಿಯ ಲೆಕ್ಕ

2024ರ ಅಕ್ಟೋಬರ್ 16ರಂದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆಯನ್ನು ಉದ್ಘಾಟಿಸಿದರು. ಐದು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಯೋಜನೆ. ಸಾಲ ನೀಡಿದ್ದು ಜಪಾನಿನ ಜೈಕಾ ಸಂಸ್ಥೆ. ದಿನವೊಂದಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಬೆಂಗಳೂರಿಗೆ ಹರಿದು ಬರುವುದೆಂದೂ, 2007ರಲ್ಲಿ ಮಹಾನಗರ ಪಾಲಿಕೆಯೊಳಕ್ಕೆ ಸೇರಿಸಲ್ಪಟ್ಟ 110 ಹಳ್ಳಿಗಳ ಬಾಯಾರಿಕೆ ತಣಿಯುವುದೆಂದೂ ಘೋಷಿಸಲಾಯಿತು. ಪತ್ರಿಕೆಗಳು ಮುಖಪುಟದಲ್ಲಿ ಚಿತ್ರ ಪ್ರಕಟಿಸಿದವು. ಸಂತೋಷದ ಸುದ್ದಿಯೇ ಸರಿ. ಆದರೆ ಆ ದಿನದ ಭಾಷಣಗಳ ವರದಿಗಳನ್ನು ಓದುತ್ತಿದ್ದ ನಮಗೆ ಒಂದು ಪ್ರಶ್ನೆ ಕಾಡಿತು. ಬಂದ ನೀರು ಹೋಗುವುದೆಲ್ಲಿಗೆ?

ಮನೆಯೊಂದಕ್ಕೆ ನೂರು ಲೀಟರ್ ನೀರು ಬಂದರೆ ಅದರಲ್ಲಿ ಎಂಬತ್ತು ಲೀಟರ್ ಕೊಳಚೆಯಾಗಿ ಹೊರಹೋಗುತ್ತದೆಂಬುದು ಇಂಜಿನಿಯರುಗಳ ಸಾಮಾನ್ಯ ಲೆಕ್ಕ. ಹಾಗಾದರೆ 77.5 ಕೋಟಿ ಲೀಟರ್ ಹೊಸ ನೀರೆಂದರೆ ಸುಮಾರು 62 ಕೋಟಿ ಲೀಟರ್ ಹೊಸ ಕೊಳಚೆ. ಒಳಚರಂಡಿಯೂ ಸಂಸ್ಕರಣಾ ಘಟಕಗಳೂ ಇದೇ ಯೋಜನೆಯ ಭಾಗವಾಗಿವೆ ನಿಜ. ಆದರೆ ನಲ್ಲಿಗೆ ರಿಬ್ಬನ್ ಕಟ್ಟಿ ಕತ್ತರಿಸುವಷ್ಟು ಉತ್ಸಾಹ ಮೋರಿಯ ವಿಷಯದಲ್ಲಿ ಯಾವ ಸರಕಾರಕ್ಕೂ ಇಲ್ಲ. ಹಾಗೆ ನೋಡಿದರೆ ನಮಗೂ ಇಲ್ಲ. ಈ ಬರಹದ ವಿಷಯ ಅದುವೇ.

ದಕ್ಷಿಣ ಬೆಂಗಳೂರಿನ ಓದುಗರಿಗೆ ಈ ವಿಷಯದಲ್ಲಿ ವಿಶೇಷ ಸಂಬಂಧವಿದೆ. ಏಕೆಂದರೆ ಕಾವೇರಿಯು ನಗರವನ್ನು ಪ್ರವೇಶಿಸುವುದೇ ಅವರ ಹೊಸ್ತಿಲಿನ ಮೂಲಕ. ಶಿವ ಅಣೆಕಟ್ಟಿನಿಂದ ನೆಟ್ಕಲ್ ಸಮತೋಲನ ಜಲಾಶಯಕ್ಕೆ, ಅಲ್ಲಿಂದ ತೊರೆಕಾಡನಹಳ್ಳಿಗೆ, ಅಲ್ಲಿ ಶುದ್ಧೀಕರಣಗೊಂಡು ಹಾರೋಹಳ್ಳಿ ಮತ್ತು ತಾತಗುಣಿಯ ಪಂಪುಮನೆಗಳ ಮೂಲಕ ಕನಕಪುರ ರಸ್ತೆಯ ಗುಂಟ ಅದು ನಗರಕ್ಕೆ ಏರಿ ಬರುತ್ತದೆ. ಏರಿ ಬರುತ್ತದೆ ಎಂಬ ಮಾತನ್ನು ಗಮನಿಸಬೇಕು. ಸುಮಾರು 100 ಕಿಲೋಮೀಟರ್ ದೂರ, ಹೆಚ್ಚು ಕಡಿಮೆ 500 ಮೀಟರ್ ಎತ್ತರ. ನೀರು ತಾನಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಅದನ್ನು ಹಗಲಿರುಳು ಮೇಲೆ ತಳ್ಳಲಾಗುತ್ತಿದೆ. ಜಲಮಂಡಳಿಯ ಖರ್ಚಿನಲ್ಲಿ ಬಹುದೊಡ್ಡ ಪಾಲು ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಜಯನಗರದ ಮನೆಯಲ್ಲಿ ತೆರೆದಿಟ್ಟ ನಲ್ಲಿಯಿಂದ ಸೋರುವುದು ನೀರು ಮಾತ್ರವಲ್ಲ, ವಿದ್ಯುತ್ತೂ ಹೌದು. ವಿಪರ್ಯಾಸವೆಂದರೆ, ಹೀಗೆ ಕನಕಪುರ ರಸ್ತೆಯ ಮಗ್ಗುಲಲ್ಲೇ ನೀರು ಹರಿದು ಹೋಗುತ್ತಿದ್ದರೂ ಆ ರಸ್ತೆಯ ಆಚೀಚೆಯ ಅನೇಕ ಹಳ್ಳಿಗಳು ಅದರ ಹನಿ ಕಾಣಲು ಐದನೇ ಹಂತದವರೆಗೆ ಕಾಯಬೇಕಾಯಿತು.

ಈ ನಗರ ನೀರಿಗಾಗಿ ದೂರ ಹೋಗುತ್ತಲೇ ಬಂದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ನೀರು ಬಂತು. ಅದು ಸಾಲದಾದಾಗ ದಿವಾನ್ ಮಿರ್ಝಾ ಇಸ್ಮಾಯೀಲ್ ಅವರ ಆಡಳಿತದಲ್ಲಿ, 1933ರಲ್ಲಿ, ಅರ್ಕಾವತಿ ಮತ್ತು ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾಯಿತು. 1964ರಲ್ಲಿ ಕಾಯ್ದೆಯೊಂದರ ಮೂಲಕ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಮೊದಲ ಹಂತ, ದಿನಕ್ಕೆ 13.5 ಕೋಟಿ ಲೀಟರ್. ನಂತರ 1982, 1993, 2002, 2012. ಪ್ರತಿ ಹಂತದಲ್ಲೂ ಇನ್ನು ಸಾಕು ಎಂದು ಹೇಳಲಾಯಿತು. ಪ್ರತಿ ಬಾರಿಯೂ ಸಾಲಲಿಲ್ಲ. ಈ ನಡುವೆ ಹತ್ತಿರದ ಅರ್ಕಾವತಿಯನ್ನು ನಾವೇ ಕೆಡಿಸಿದೆವು. ತಿಪ್ಪಗೊಂಡನಹಳ್ಳಿಯ ನೀರು ಮಲಿನವಾಗಿ, ನಗರಕ್ಕೆ ಅದರ ಸರಬರಾಜು ವರ್ಷಗಟ್ಟಲೆ ನಿಂತುಹೋಯಿತು. ಮಗ್ಗುಲ ನದಿಯನ್ನು ಮೋರಿ ಮಾಡಿಕೊಂಡು ದೂರದ ನದಿಗೆ ಕೊಳವೆ ಹಾಕುವುದನ್ನು ಅಭಿವೃದ್ಧಿ ಎಂದು ಕರೆಯುತ್ತ ಬಂದಿದ್ದೇವೆ.

ಕಾವೇರಿಯ ಹಂಚಿಕೆಯಲ್ಲೂ ಬೆಂಗಳೂರಿನದು ವಿಚಿತ್ರ ಕಥೆ. 2007ರ ಫೆಬ್ರವರಿಯ ಐತೀರ್ಪಿನಲ್ಲಿ ಕಾವೇರಿ ನ್ಯಾಯಾಧಿಕರಣವು ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂಬ ಕಾರಣಕ್ಕೆ ಅಷ್ಟಕ್ಕೇ ಕುಡಿಯುವ ನೀರನ್ನು ಲೆಕ್ಕ ಹಿಡಿದಿತ್ತು. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಈ ವಾದವನ್ನು ಒಪ್ಪದೆ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚುವರಿ ನೀರು ನೀಡಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದು. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬ ತತ್ವ ಅಲ್ಲಿ ಗೆದ್ದಿತು. ಮಂಡ್ಯದ ರೈತನ ಗದ್ದೆಗಿಂತ, ತಂಜಾವೂರಿನ ರೈತನ ಗದ್ದೆಗಿಂತ ಬೆಂಗಳೂರಿನ ಬಿಂದಿಗೆ ಮೊದಲು ತುಂಬಬೇಕೆಂದು ನ್ಯಾಯಾಲಯ ಒಪ್ಪಿದ ಮೇಲೆ, ಆ ಬಿಂದಿಗೆ ಯಾರದು ಎಂದು ಕೇಳುವ ಹೊಣೆ ನಗರದವರ ಮೇಲೆ ಬೀಳುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಇದೇ ಕಾವೇರಿಯ ಹೆಸರಿನಲ್ಲಿ ನಗರದಲ್ಲಿ ಬಸ್ಸುಗಳು ಉರಿದವು, ಕರ್ಫ್ಯೂ ಹೇರಲಾಯಿತು. ಅದೇ ಕಾಲದಲ್ಲಿ ನಗರಕ್ಕೆ ಬಂದ ಕಾವೇರಿ ನೀರಿನಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಬಹಳಷ್ಟು ಹೆಚ್ಚು ಪಾಲು ಸೋರಿಕೆಯಲ್ಲೂ ಅಕ್ರಮ ಸಂಪರ್ಕಗಳಲ್ಲೂ ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ಅದಕ್ಕಾಗಿ ಒಂದು ಟಯರನ್ನೂ ಯಾರೂ ಸುಡಲಿಲ್ಲ. ಸುಡಬೇಕಿತ್ತೆಂದು ನಾವು ಹೇಳುತ್ತಿಲ್ಲ. ಆಕ್ರೋಶದ ದಿಕ್ಕು ಎಷ್ಟು ಸುಲಭವಾಗಿ ತಪ್ಪುತ್ತದೆ ಎಂಬುದನ್ನಷ್ಟೇ ತೋರಿಸುತ್ತಿದ್ದೇವೆ.

ಈಗ ಗಲ್ಲಿಗೆ ಬರೋಣ. 1948ರಲ್ಲಿ ಯೋಜಿತ ಬಡಾವಣೆಯಾಗಿ ಆರಂಭವಾದ ಜಯನಗರದ ಅಗಲ ರಸ್ತೆಗಳಿಗೂ ಅದರ ಸೆರಗಿನಲ್ಲೇ ಇರುವ ತಿಲಕನಗರ, ಗುರಪ್ಪನಪಾಳ್ಯ, ಬಿಸ್ಮಿಲ್ಲಾ ನಗರಗಳ ಓಣಿಗಳಿಗೂ ನಡುವೆ ಇರುವುದು ಕೆಲವು ನಿಮಿಷಗಳ ನಡಿಗೆ. ಬನಶಂಕರಿಯ ಯಾರಬ್ ನಗರ, ಜೆ.ಪಿ. ನಗರದ ಅಂಚಿನ ಇಲಿಯಾಸ್ ನಗರಗಳ ಕಥೆಯೂ ಬೇರೆಯಲ್ಲ. ಅಗಲ ರಸ್ತೆಯ ಮನೆಗೆ ಸಂಪು, ಓವರ್‌ಹೆಡ್ ಟ್ಯಾಂಕು, ಕೊಳವೆಬಾವಿ ಎಲ್ಲವೂ ಇರುತ್ತವೆ. ದಿನ ಬಿಟ್ಟು ದಿನ ನೀರು ಬಂದರೂ ಅಲ್ಲಿ ಗೊತ್ತಾಗುವುದಿಲ್ಲ. ಓಣಿಯ ಮನೆಯಲ್ಲಿ ಸಂಪಿಗೆ ಜಾಗವೇ ಇರುವುದಿಲ್ಲ. ಹತ್ತಡಿ ಅಗಲದ ನಿವೇಶನದ ಮೇಲೆ ಮೂರು ಮಹಡಿ, ನಾಲ್ಕು ಸಂಸಾರ, ಒಂದು ನಲ್ಲಿ. ನೀರು ಬಿಡುವ ಹೊತ್ತು ನಡುರಾತ್ರಿಯೆಂದಾದರೆ ಎದ್ದು ಕೂರುವವರು ಯಾರು? ಹೆಂಗಸರು. ಕೆಳಗಿನ ಡ್ರಮ್ಮು ತುಂಬಿಸಿ, ಕೊಡದಲ್ಲಿ ಮೂರನೇ ಮಹಡಿಗೆ ಹೊತ್ತು, ಬೆಳಿಗ್ಗೆ ಗಾರ್ಮೆಂಟ್ ಕಾರ್ಖಾನೆಗೋ ಯಾರದ್ದೋ ಮನೆಗೆಲಸಕ್ಕೋ ಹೋಗುವವರು ಅವರೇ. ಈ ನಿದ್ದೆಯ ನಷ್ಟ ಯಾವ ಬಜೆಟ್ಟಿನಲ್ಲೂ ದಾಖಲಾಗುವುದಿಲ್ಲ.

ಇನ್ನು ಬೆಲೆಯ ಲೆಕ್ಕ. 2014ರ ನವೆಂಬರ್‌ನಿಂದ 2025ರ ಏಪ್ರಿಲ್‌ವರೆಗೆ ಜಲಮಂಡಳಿಯ ಗೃಹಬಳಕೆಯ ದರ ಮೊದಲ 8,000 ಲೀಟರಿಗೆ, ಪ್ರತಿ ಸಾವಿರ ಲೀಟರಿಗೆ 7 ರೂಪಾಯಿ ಇತ್ತು. 2024ರ ಮಾರ್ಚ್‌ನಲ್ಲಿ ನೀರಿನ ಬರ ತಲೆದೋರಿದಾಗ ಜಿಲ್ಲಾಡಳಿತವು ಖಾಸಗಿ ಟ್ಯಾಂಕರುಗಳ ಸುಲಿಗೆಗೆ ಕಡಿವಾಣ ಹಾಕಲೆಂದು ದರ ನಿಗದಿಪಡಿಸಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ 100. ಇದು ಸುಲಿಗೆಯ ದರವಲ್ಲ, ಸರಕಾರವೇ ನ್ಯಾಯವೆಂದು ಒಪ್ಪಿದ ದರ. ಆದರೂ ಅದು ನಲ್ಲಿಯ ದರದ ಹದಿನಾಲ್ಕು ಪಟ್ಟಿಗೂ ಹೆಚ್ಚು. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನು ತುಂಬಿಸಿಕೊಳ್ಳುವ ಬಡವ ತೆರುವುದು ಸಾವಿರ ಲೀಟರಿಗೆ 250 ರೂಪಾಯಿ. ಅವನು ತರುವುದು ಕುಡಿಯಲು ಬೇಕಾದಷ್ಟನ್ನು ಮಾತ್ರ ಎಂಬುದು ನಿಜವಾದರೂ ಲೆಕ್ಕ ಬದಲಾಗುವುದಿಲ್ಲ. ಮನೆಗೆ ಕೊಳವೆ ಇದ್ದವನಿಗೆ ನೀರು ಅಗ್ಗ, ಇಲ್ಲದವನಿಗೆ ದುಬಾರಿ. ಸಬ್ಸಿಡಿಯೆಂದು ನಾವು ಬಡವರ ಹೆಸರಿನಲ್ಲಿ ಸಮರ್ಥಿಸುವ ಅಗ್ಗದ ದರ ವಾಸ್ತವದಲ್ಲಿ ತಲುಪುವುದು ಕೊಳವೆಯುಳ್ಳವರಿಗೆ.

ಆ ಬೇಸಿಗೆಯಲ್ಲಿ ಸರಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿವೆಯೆಂದು ಸರಕಾರವೇ ಒಪ್ಪಿಕೊಂಡಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ, ಕಟ್ಟಡ ಕಟ್ಟಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಒಳ್ಳೆಯ ಕ್ರಮ. 2025ರಲ್ಲಿ ಜಲಮಂಡಳಿಯೇ ‘ಸಂಚಾರಿ ಕಾವೇರಿ’ ಎಂಬ ಹೆಸರಿನಲ್ಲಿ ಟ್ಯಾಂಕರ್ ಸೇವೆಯನ್ನೂ, ಸಂಪರ್ಕದ ಶುಲ್ಕವನ್ನು ಕಂತಿನಲ್ಲಿ ಕಟ್ಟುವ ‘ಸರಳ ಕಾವೇರಿ’ಯನ್ನೂ ಆರಂಭಿಸಿತು. ಇವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕಂತು ಕಟ್ಟಲು ಮೊದಲು ಸಂಪರ್ಕಕ್ಕೆ ಅರ್ಹನಾಗಬೇಕಲ್ಲ?

ಇಲ್ಲಿ ಕಾಗದದ ಸಮಸ್ಯೆ ಎದುರಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅಕ್ರಮ ಕಟ್ಟಡಗಳ ಕುರಿತಾದ ಪ್ರಕರಣವೊಂದರಲ್ಲಿ, ಸ್ವಾಧೀನ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬಾರದೆಂದು ನಿರ್ದೇಶಿಸಿತು. ಬಿಲ್ಡರುಗಳ ಅಟ್ಟಹಾಸಕ್ಕೆ ಅದು ತಕ್ಕ ಮದ್ದೇ ಇರಬಹುದು. ಆದರೆ ಆ ಹೊಡೆತ ಬಿದ್ದದ್ದು ಸಣ್ಣ ನಿವೇಶನದವರ ಮೇಲೂ ಹೌದು. 2025ರಲ್ಲಿ ರಾಜ್ಯ ಸರಕಾರ 1,200 ಚದರ ಅಡಿವರೆಗಿನ ನಿವೇಶನಗಳ ಮನೆಗಳಿಗೆ ಇದರಿಂದ ವಿನಾಯಿತಿ ನೀಡಿತು. ನಮ್ಮ ಓಣಿಗಳ ಬಹುಪಾಲು ಮನೆಗಳು ಈ ಅಳತೆಯೊಳಗೇ ಬರುತ್ತವೆ. ಆದರೂ ಈ ವಿನಾಯಿತಿಯ ವಿಷಯ ಮಸೀದಿಯ ಫಲಕದಲ್ಲಿ ಬರೆದದ್ದನ್ನು ನಾವು ಎಲ್ಲೂ ಕಾಣಲಿಲ್ಲ. ಅಂದಹಾಗೆ, ಸಂಪರ್ಕ ನಿರಾಕರಿಸಿದರೆ ಮನೆಯವರು ಶೌಚಾಲಯಕ್ಕೆ ಹೋಗುವುದನ್ನು ನಿಲ್ಲಿಸುವುದಿಲ್ಲ. ಆ ಕೊಳಚೆ ರಾಜಕಾಲುವೆಗೆ ಸೇರುತ್ತದೆ, ಅಷ್ಟೇ. ಒಳಚರಂಡಿ ಎಂಬುದು ಮನೆಮಾಲೀಕನಿಗೆ ನೀಡುವ ಬಹುಮಾನವಲ್ಲ, ಊರಿನ ಆರೋಗ್ಯದ ಬೇಲಿ. 2000ದ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ನೆರವಿನ ಯೋಜನೆಯೊಂದರಡಿ ಇದೇ ಜಲಮಂಡಳಿಯು ಕೆಲವು ಕೊಳೆಗೇರಿಗಳಲ್ಲಿ ಹಕ್ಕುಪತ್ರಕ್ಕಾಗಿ ಪಟ್ಟು ಹಿಡಿಯದೆ, ಪಡಿತರ ಚೀಟಿ, ಗುರುತಿನ ಚೀಟಿಗಳ ಆಧಾರದಲ್ಲೇ ಕಡಿಮೆ ಶುಲ್ಕಕ್ಕೆ ಮನೆ ಸಂಪರ್ಕ ನೀಡಿ ತೋರಿಸಿತ್ತು. ಮಾಡಿ ತೋರಿಸಿದ ಕೆಲಸವನ್ನು ಅಸಾಧ್ಯವೆಂದು ಹೇಳುವುದು ಹೇಗೆ?

ಒಂದೇ ಮೀಟರಿನ ಅನ್ಯಾಯವನ್ನೂ ಇಲ್ಲೇ ಹೇಳಿಬಿಡೋಣ. ನಾಲ್ಕು ಸಂಸಾರಗಳು ತಲಾ 8,000 ಲೀಟರ್ ಬಳಸುತ್ತವೆ ಎಂದಿಟ್ಟುಕೊಳ್ಳಿ. 2014ರ ದರದಲ್ಲಿ ಪ್ರತ್ಯೇಕ ಮೀಟರಿದ್ದರೆ ತಲಾ 56ರಂತೆ ಒಟ್ಟು 224 ರೂಪಾಯಿ. ಮೀಟರು ಒಂದೇ ಆಗಿ, ನಾಲ್ವರನ್ನೂ ಒಂದೇ ಮನೆಯೆಂದು ಲೆಕ್ಕಿಸಿದಲ್ಲಿ 32,000 ಲೀಟರು ಮೇಲಿನ ಹಂತಗಳಿಗೆ ಏರಿ 425 ರೂಪಾಯಿ ಆಗುತ್ತದೆ. ಹೆಚ್ಚು ಬಳಸುವ ಶ್ರೀಮಂತನಿಂದ ಹೆಚ್ಚು ವಸೂಲು ಮಾಡಲೆಂದು ರೂಪಿಸಿದ ಹಂತಗಳು ಒಟ್ಟಾಗಿ ಬದುಕುವ ಬಡವರಿಗೆ ಏಣಿಯಾಗುವುದು ಹೀಗೆ. ಬಾಡಿಗೆದಾರನಿಗಂತೂ ಬಿಲ್ಲು ಕಣ್ಣಿಗೇ ಬೀಳುವುದಿಲ್ಲ. ಮಾಲೀಕ ಹೇಳಿದ್ದೇ ನೀರಿನ ದುಡ್ಡು. ಆ ಮಾಲೀಕ ಬಹಳಷ್ಟು ಸಲ ನಮ್ಮವನೇ.

ನೀರಿನ ಪ್ರಮಾಣದಷ್ಟೇ ಗಂಭೀರವಾದುದು ಅದರ ಶುದ್ಧಿ. ನಲ್ಲಿಯಲ್ಲಿ ಕೆಲವು ಗಂಟೆ ಮಾತ್ರ ನೀರು ಬರುವ ಊರಿನಲ್ಲಿ ಉಳಿದ ಹೊತ್ತು ಕೊಳವೆ ಖಾಲಿಯಿರುತ್ತದೆ. ಖಾಲಿ ಕೊಳವೆಯಲ್ಲಿ ಒತ್ತಡವಿರುವುದಿಲ್ಲ. ಅದರ ಮಗ್ಗುಲಲ್ಲೇ ಒಡೆದ ಒಳಚರಂಡಿಯಿದ್ದರೆ ಬಿರುಕಿನಿಂದ ಕೊಳಚೆ ಒಳಗೆ ಜಿನುಗುತ್ತದೆ. ಮೋಟಾರು ಹಚ್ಚಿ ನೇರವಾಗಿ ಕೊಳವೆಯಿಂದ ನೀರು ಎಳೆಯುವವರು ಈ ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಹೊರಟ ನೀರು ನೂರು ಕಿಲೋಮೀಟರ್ ಕ್ಷೇಮವಾಗಿ ಪಯಣಿಸಿ ಕೊನೆಯ ಹತ್ತು ಗಜದಲ್ಲಿ ಕೆಡುತ್ತದೆ. ನಮಗೆ ಪರಿಚಯವಿರುವ ಓಣಿಯೊಂದರಲ್ಲಿ ಹೀಗೇ ಆಯಿತು. ವಾರಗಟ್ಟಲೆ ನೀರಿಗೆ ವಾಸನೆ. ಮಕ್ಕಳಿಗೆ ವಾಂತಿ ಭೇದಿ. ಗಂಡಸರು ಕಚೇರಿಗೆ ಹೋಗಿ ಬಾಯಿಮಾತಿನಲ್ಲಿ ದೂರಿ ಬಂದರು, ಏನೂ ಆಗಲಿಲ್ಲ. ಆಮೇಲೆ ಆ ಓಣಿಯ ಮೂವರು ಹೆಂಗಸರು ಏಳು ದಿನ ಏಳು ಬಾಟಲಿಗಳಲ್ಲಿ ನೀರು ಹಿಡಿದು, ಪ್ರತಿಯೊಂದಕ್ಕೂ ದಿನಾಂಕ ಮತ್ತು ಹೊತ್ತು ಬರೆದ ಚೀಟಿ ಅಂಟಿಸಿ, ಅಧಿಕಾರಿಯ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರನೇ ದಿನ ರಸ್ತೆ ಅಗೆಯಲಾಯಿತು. ಬಿರುಕು ಸಿಕ್ಕಿತು. ಈ ಘಟನೆಯನ್ನು ನಾವು ಅನೇಕರಿಗೆ ಹೇಳಿದ್ದೇವೆ. ಕೇಳಿದವರೆಲ್ಲ ತಲೆದೂಗುತ್ತಾರೆ, ಬಾಟಲಿ ಹಿಡಿಯುವವರು ಕಡಿಮೆ.

ಇನ್ನು ಮೋರಿಯ ಪಯಣ. ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ದಕ್ಷಿಣ ಭಾಗದ ಕೊಳಚೆಗೆ ಎರಡು ದಾರಿ. ಬಸವನಗುಡಿಯ ಸುತ್ತ ಹುಟ್ಟಿ ಬನಶಂಕರಿಯ ಪಶ್ಚಿಮ ಇಳಿಜಾರನ್ನು ಸೇರಿಸಿಕೊಂಡು ಮೈಸೂರು ರಸ್ತೆಯ ಗುಂಟ ಹರಿಯುವ ವೃಷಭಾವತಿ ಒಂದು. ಅದು ಬಿಡದಿಯ ಬಳಿಯ ಬೈರಮಂಗಲ ಜಲಾಶಯ ಸೇರಿ, ಅರ್ಕಾವತಿಗೆ ಬಿದ್ದು, ಸಂಗಮದಲ್ಲಿ ಕಾವೇರಿಯನ್ನೇ ಕೂಡುತ್ತದೆ. ಶಿವನಸಮುದ್ರದ ಬಳಿ ಎತ್ತಿಕೊಂಡ ನದಿಯನ್ನು ಕೆಳಗೆ ಸಂಗಮದಲ್ಲಿ ಕೊಳಕಾಗಿ ಹಿಂದಿರುಗಿಸುತ್ತೇವೆ. ಬೈರಮಂಗಲದ ಸುತ್ತಲ ರೈತರು ದಶಕಗಳಿಂದ ನಮ್ಮ ಸ್ನಾನದ, ಶೌಚದ, ಕಾರ್ಖಾನೆಗಳ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದಾರೆ. ಆ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಕೊಳಚೆ ಮೊದಲೇ ಹೋಗಿತ್ತು, ಹೆಸರು ಹಿಂದಿನಿಂದ ಹೋಯಿತು.

ಇನ್ನೊಂದು ದಾರಿ ಪೂರ್ವಕ್ಕೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳಿಂದ ಬಿಟಿಎಂ ಎಂಬ ಬಡಾವಣೆಯಾಯಿತೆಂಬುದು ಅನೇಕರಿಗೆ ಗೊತ್ತು. ಆ ಮಡಿವಾಳದ ಕೆರೆಯಿಂದ ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗಿ ತಮಿಳುನಾಡು ಸೇರುವ ಸರಪಳಿ ಅದು. ಹಿಂದೆ ಮಳೆನೀರಿನ ಸರಪಳಿ, ಆಮೇಲೆ ಕೊಳಚೆಯ ಸರಪಳಿ. 2015ರ ಮೇಯಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಮತ್ತೆ. ಆರಿಸಲು ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿತು. ಬೆಳ್ಳಂದೂರು ಎಲ್ಲೋ ಐಟಿಯವರ ಊರು ಎಂದುಕೊಳ್ಳುವ ಹಾಗಿಲ್ಲ. ಆ ನೊರೆಯಲ್ಲಿ ತಿಲಕನಗರದ ಸೋಪಿನ ಪುಡಿಯೂ ಇತ್ತು, ಜಯನಗರದ್ದೂ ಇತ್ತು.

ಸಂಸ್ಕರಣೆಯೆಂದರೆ ಮಾಟವಲ್ಲ. ಮೊದಲು ಜಾಲರಿಯಲ್ಲಿ ಕಸ, ಮರಳು ತೆಗೆದು ಕೆಸರು ತಳಕ್ಕಿಳಿಯಲು ಬಿಡುತ್ತಾರೆ. ಎರಡನೆಯದಾಗಿ ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸುತ್ತಾರೆ. ಮೂರನೆಯದಾಗಿ ಸೋಸಿ, ರೋಗಾಣು ನಾಶಮಾಡುತ್ತಾರೆ. ಈ ಮೂರನೇ ಮೆಟ್ಟಿಲು ದುಬಾರಿ. ಆದ್ದರಿಂದ ಅದನ್ನು ಬಿಟ್ಟುಬಿಡುವ ಆಸೆ ಆಡಳಿತಕ್ಕೆ ಸದಾ ಇರುತ್ತದೆ. 2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಬರಡಾಗಿದ್ದ ಕೋಲಾರದ ಕೆರೆಗಳಿಗೆ ಹರಿಸಲಾಯಿತು. ಎರಡನೇ ಮೆಟ್ಟಿಲಿನವರೆಗೆ ಮಾತ್ರ ಸಂಸ್ಕರಿಸಿದ ನೀರು. ಲಕ್ಷ್ಮೀಸಾಗರ ಕೆರೆ ತುಂಬಿದಾಗ ಹೂವು ಚೆಲ್ಲಿ ಸ್ವಾಗತಿಸಿದವರೂ ಇದ್ದರು, ಕೆಲವೇ ದಿನಗಳಲ್ಲಿ ನೊರೆ ಕಂಡು ಹೈಕೋರ್ಟಿನ ಬಾಗಿಲು ತಟ್ಟಿದವರೂ ಇದ್ದರು. ಇಬ್ಬರದೂ ನ್ಯಾಯವೇ. ಬರಡು ಬಿದ್ದ ಊರಿಗೆ ನೀರು ಬೇಕು. ಆದರೆ ಅವರ ಅಂತರ್ಜಲಕ್ಕೆ ಇಳಿಯುವ ನೀರನ್ನು ಮೂರನೇ ಮೆಟ್ಟಿಲು ಹತ್ತಿಸದೆ ಕಳುಹಿಸುವುದು ನೆರೆಯವನಿಗೆ ಹಳಸಿದ ಅನ್ನ ಬಡಿಸಿದಂತೆ. ನಮ್ಮ ಅಭಿಪ್ರಾಯದಲ್ಲಿ ಯೋಜನೆ ನಿಲ್ಲಬಾರದಿತ್ತು, ನಿಲ್ಲಲೂ ಇಲ್ಲ. ಆದರೆ ಬೆಂಗಳೂರು ತನ್ನ ಕೊಳೆಯನ್ನು ಪೂರ್ತಿ ತೊಳೆದೇ ಕೊಡಬೇಕು.

ಕೆರೆಗಳ ವಿಷಯದಲ್ಲಿ ದಕ್ಷಿಣ ಬೆಂಗಳೂರು ಕಂಡ ಎರಡು ದೃಶ್ಯಗಳು ಸಾಕು. 2015ರ ಏಪ್ರಿಲ್‌ನಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿ ತೆರವಿನಲ್ಲಿ ಮನೆಗಳು ನೆಲಸಮವಾದವು. ಕೆರೆ ಉಳಿಯಿತು, ಒಳ್ಳೆಯದು. ಆದರೆ ಕೆರೆಯಂಗಳವನ್ನು ಸೈಟು ಮಾಡಿ ಮಾರಿದವನಿಗಿಂತ ಕೊಂಡವನು ಹೆಚ್ಚು ಅತ್ತ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಮಳೆಯೇ ಇಲ್ಲದ ದಿನ ನೆರೆ ಬಂದ ವಿಚಿತ್ರ.

ಈ ಎಲ್ಲದರ ಅಡಿಯಲ್ಲಿ ಒಬ್ಬ ಮನುಷ್ಯನಿದ್ದಾನೆ. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆಯ ಬಳಿಯ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಕೊಳಚೆ ಸಂಸ್ಕರಣಾ ಘಟಕವನ್ನು ಶುಚಿಗೊಳಿಸಲು ಇಳಿದ ಮೂವರು ವಿಷಾನಿಲಕ್ಕೆ ಬಲಿಯಾದರು. 1993ರಲ್ಲೇ ಒಂದು ಕಾಯ್ದೆ ಬಂದಿತ್ತು, 2013ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು ಶಿಕ್ಷಾರ್ಹ ಅಪರಾಧ. ಸತ್ತವರ ಕುಟುಂಬಕ್ಕೆ 2014ರಲ್ಲಿ ಸುಪ್ರೀಂ ಕೋರ್ಟು 10 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾಯುವವರು ಬಹುತೇಕ ದಲಿತರು. ಜಾತಿಯ ಅಸಮಾನತೆಯ ವಿರುದ್ಧ ವೇದಿಕೆಗಳಲ್ಲಿ ಎಷ್ಟೊಂದು ಮಾತನಾಡುತ್ತೇವೆ! ಆದರೆ ನಮ್ಮದೇ ಶಾದಿ ಮಹಲಿನ, ನಮ್ಮದೇ ಬಾಡಿಗೆ ಮನೆಯ ಗುಂಡಿ ತುಂಬಿದಾಗ ಯಾರನ್ನು ಕರೆಯುತ್ತೇವೆ, ಹೇಗೆ ಇಳಿಸುತ್ತೇವೆ? ಹೀರುವ ಯಂತ್ರದ ಬಾಡಿಗೆಗಿಂತ ಒಬ್ಬ ಕೂಲಿಯಾಳು ಅಗ್ಗವೆಂಬ ಲೆಕ್ಕ ನಮ್ಮ ಮನೆಗಳಲ್ಲೂ ನಡೆಯುತ್ತದೆ. ಅದನ್ನು ಒಪ್ಪಿಕೊಳ್ಳದೆ ಬೇರೆಯವರತ್ತ ಬೆರಳು ತೋರುವುದು ನಮಗೆ ಶೋಭಿಸದು.

ರಾಜಕೀಯದವರ ಮಾತಿಗೆ ಬಂದರೆ, 2022ರ ಜನವರಿಯಲ್ಲಿ ಮೇಕೆದಾಟುವಿಗಾಗಿ ಪಾದಯಾತ್ರೆ ನಡೆಯಿತು. ನೀರು ತರಲು ನಡೆದವರನ್ನು ಕಂಡೆವು. ಒಳಚರಂಡಿಗಾಗಿ ನಾಲ್ಕು ಹೆಜ್ಜೆ ನಡೆದ ಒಬ್ಬ ನಾಯಕನನ್ನೂ ಕಾಣೆವು. ಗಲ್ಲಿಯ ಮೋರಿಯ ಬಗ್ಗೆ ಕೇಳಬೇಕಾದ ಜನ ಕಾರ್ಪೊರೇಟರುಗಳು. 2015ರಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಇಲ್ಲವಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಜಲಮಂಡಳಿಯೋ ಜನರಿಂದ ಆರಿಸಲ್ಪಟ್ಟ ಸಂಸ್ಥೆಯಲ್ಲ. ರಾಜಕಾಲುವೆ ಪಾಲಿಕೆಯದು, ಒಳಚರಂಡಿ ಮಂಡಳಿಯದು. ಎರಡೂ ಒಡೆದು ಒಂದಾದ ಜಾಗದಲ್ಲಿ ನಿಂತ ನಾಗರಿಕ ಯಾರಿಗೂ ಸೇರಿದವನಲ್ಲ. ಹೀಗಿರುವಾಗ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ನಮ್ಮ ಜಮಾಅತ್‌ಗಳು ಏನು ಕೇಳುತ್ತವೆ? ಕಬರಸ್ತಾನದ ಗೋಡೆ, ಶಾದಿ ಮಹಲಿನ ಅನುದಾನ. ಬೇಡವೆನ್ನುವುದಿಲ್ಲ. ಆದರೆ ಓಣಿಯ ಒಳಚರಂಡಿ ಕೊಳವೆ ಎಷ್ಟು ಹಳೆಯದು, ಬದಲಾಯಿಸುವುದು ಯಾವಾಗ ಎಂದು ಕೇಳಿದ ಜಮಾಅತ್ ಎಷ್ಟಿವೆ?

ನೀರಿನ ವಿಷಯದಲ್ಲಿ ಈ ಸಮುದಾಯಕ್ಕೆ ಪರಂಪರೆಯೇನೂ ಕಡಿಮೆಯಿಲ್ಲ. ಮದೀನಾದಲ್ಲಿ ದುಡ್ಡಿಗೆ ಮಾರಲಾಗುತ್ತಿದ್ದ ರೂಮಾ ಬಾವಿಯನ್ನು ಖರೀದಿಸಿ ಎಲ್ಲರಿಗೂ ಮುಕ್ತಗೊಳಿಸಿದವರು ಹ. ಉಸ್ಮಾನ್(ರ). ಅದು ಅಂದಿನ ಟ್ಯಾಂಕರ್ ದಂಧೆಗೆ ನೀಡಿದ ಉತ್ತರವೆಂದರೂ ತಪ್ಪಲ್ಲ. ಇಂದು ಬೇಸಿಗೆಯಲ್ಲಿ ರಸ್ತೆಬದಿ ತಣ್ಣೀರು ಹಂಚುವ ಯುವಕರನ್ನು ಕಂಡಾಗ ಸಂತೋಷವಾಗುತ್ತದೆ. ಆದರೆ ಅದೇ ಹೊತ್ತಿಗೆ ಮಸೀದಿಯ ವುಝೂಖಾನೆಯಲ್ಲಿ ನಲ್ಲಿ ತೆರೆದಿಟ್ಟು ಮಾತನಾಡುತ್ತ ಕೂತವರನ್ನು ಕಂಡಾಗ ಏನನ್ನೋಣ? ಪ್ರವಾದಿ(ಸ)ರವರು ವುಝೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ, ಅಂದರೆ ಹೆಚ್ಚೆಂದರೆ ಮುಕ್ಕಾಲು ಲೀಟರು. ತೆರೆದ ನಲ್ಲಿಯಲ್ಲಿ ಒಬ್ಬರು ಐದು ಲೀಟರ್ ಹರಿಸಿದರೆಂದು ಭಾವಿಸೋಣ. ಶುಕ್ರವಾರ ಐನೂರು ಮಂದಿ ಸೇರಿದರೆ 2,500 ಲೀಟರ್. ಈ ನೀರು ಕೊಳಚೆಯೂ ಅಲ್ಲ. ಅದರಲ್ಲಿ ಶೌಚದ ಕಲ್ಮಷವಿಲ್ಲ, ಎಣ್ಣೆಯಿಲ್ಲ. ಆದರೂ ಅದನ್ನು ನೇರವಾಗಿ ಮ್ಯಾನ್‌ಹೋಲಿಗೆ ಬಿಟ್ಟು, ಅದೇ ಮಸೀದಿಯ ಶೌಚಾಲಯಕ್ಕೆ ಕಾವೇರಿ ನೀರನ್ನೋ ಟ್ಯಾಂಕರನ್ನೋ ತರಿಸುತ್ತೇವೆ. ಪ್ರತ್ಯೇಕ ಕೊಳವೆ, ಒಂದು ಸಣ್ಣ ಸಂಪು, ಒಂದು ಮರಳಿನ ಸೋಸುಗುಂಡಿ ಇದ್ದರೆ ಶೌಚಾಲಯಕ್ಕೂ ಗಿಡಗಳಿಗೂ ಅದೇ ಸಾಕು.

ಬಳಸಿದ ನೀರಿನ ಬಗ್ಗೆ ಕೆಲವರಿಗೆ ಧಾರ್ಮಿಕ ಅಳುಕು ಇರುತ್ತದೆ. 1978ರಷ್ಟು ಹಿಂದೆಯೇ ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿಯು, ಕೊಳಚೆ ನೀರನ್ನು ಬಣ್ಣ, ರುಚಿ, ವಾಸನೆಗಳು ಉಳಿಯದಂತೆ ಪೂರ್ಣವಾಗಿ ಸಂಸ್ಕರಿಸಿದರೆ ಅದು ಶುದ್ಧವೆಂದು ತೀರ್ಮಾನಿಸಿದೆ. ವುಝೂವಿಗೂ ಬಳಸಬಹುದೆಂಬಲ್ಲಿಯವರೆಗೆ ಆ ಫತ್ವಾ ಹೋಗುತ್ತದೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಶೌಚಾಲಯದ ತೊಟ್ಟಿಗೆ, ಅಂಗಳ ತೊಳೆಯಲು, ಕಬರಸ್ತಾನದ ಮರಗಳಿಗೆ ಬಳಸಿದರೆ ಸಾಕು.

ಮಳೆಯ ಲೆಕ್ಕವೂ ಹೀಗೆಯೇ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮೂರು ಸಾವಿರ ಚದರ ಅಡಿ ಛಾವಣಿಯ ಮಸೀದಿಯೊಂದು, ಸೋರಿಕೆ ಆವಿ ಎಲ್ಲ ಕಳೆದರೂ, ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಹೆಚ್ಚು ಹಿಡಿದಿಡಬಹುದು ಅಥವಾ ಇಂಗಿಸಬಹುದು. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಯಿತು. ಹಳೆಯ ಕಟ್ಟಡಗಳಲ್ಲಿ 2,400 ಚದರ ಅಡಿ, ಹೊಸ ಕಟ್ಟಡಗಳಲ್ಲಿ 1,200 ಚದರ ಅಡಿ ಮೇಲ್ಪಟ್ಟ ನಿವೇಶನಗಳಿಗೆ ಇದು ಅನ್ವಯ. ಅಳವಡಿಸದವರ ಬಿಲ್ಲಿಗೆ ದಂಡ ಸೇರುತ್ತದೆ. ಅದನ್ನು ಹೇಗೆ ಅಳವಡಿಸಬೇಕೆಂದು ತೋರಿಸಲೆಂದೇ ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ. ತಿಲಕನಗರದಿಂದ ಅಲ್ಲಿಗೆ ಆಟೋ ಕೂಡ ಬೇಡ. ಮಸೀದಿ ಸಮಿತಿಗಳ ಪದಾಧಿಕಾರಿಗಳು ಒಂದು ರವಿವಾರ ಬೆಳಿಗ್ಗೆ ಅತ್ತ ನಡೆದು ಹೋಗಲಿ. ಮಾರ್ಬಲ್ಲಿಗೆ ಚಂದಾ ಎತ್ತುವ ನಮಗೆ ಇಂಗುಗುಂಡಿಗೆ ಎತ್ತುವುದು ಕಷ್ಟವಾಗಲಾರದು.

ಇನ್ನು ದೂರುವ ವಿಧಾನ. ಜಲಮಂಡಳಿಯು ತನ್ನ ಉಪವಿಭಾಗಗಳಲ್ಲಿ ಗುರುವಾರಗಳಂದು ನೀರಿನ ಅದಾಲತ್ ನಡೆಸುತ್ತ ಬಂದಿದೆ. ಯಾವ ಗುರುವಾರ ಯಾವ ಉಪವಿಭಾಗವೆಂಬುದು ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಸಹಾಯವಾಣಿ 1916. ಅದಾಲತ್ ನಡೆಯುವುದು ಕೆಲಸದ ವೇಳೆಯಲ್ಲಿ. ಆದ್ದರಿಂದ ಗಂಡಸರು ಹೋಗುವುದಿಲ್ಲ. ಹೆಂಗಸರನ್ನು ನಾವು ಕಳುಹಿಸುವುದಿಲ್ಲ. ನಡುರಾತ್ರಿ ಕೊಡ ಹಿಡಿದು ಓಣಿಯಲ್ಲಿ ನಿಲ್ಲಲು ಅಡ್ಡಿಯಾಗದ ಮರ್ಯಾದೆ ಹಗಲು ಹೊತ್ತಿನಲ್ಲಿ ಕಚೇರಿಯ ಮೆಟ್ಟಿಲು ಹತ್ತಲು ಯಾಕೆ ಅಡ್ಡಿಯಾಗಬೇಕು? ಹೋಗುವವರು ಮನೆಯ ಆರ್.ಆರ್. ಸಂಖ್ಯೆ, ಹಿಂದಿನ ಮೂರು ತಿಂಗಳ ಬಿಲ್ಲು, ಮನೆಯಲ್ಲಿರುವ ಸಂಸಾರಗಳ ಸಂಖ್ಯೆ, ನಿವೇಶನದ ಅಳತೆಯ ದಾಖಲೆ ಜೊತೆಗಿಟ್ಟುಕೊಳ್ಳಲಿ. ಅರ್ಜಿ ಬರೆದು ಕೊಟ್ಟು, ಸ್ವೀಕರಿಸಿದ ಮುದ್ರೆ ಹಾಕಿಸಿಕೊಂಡ ಪ್ರತಿ ತೆಗೆದುಕೊಳ್ಳಲಿ. ನೀರಿಗೆ ವಾಸನೆಯಿದ್ದರೆ ದಿನಾಂಕ ಬರೆದ ಬಾಟಲಿಗಳನ್ನೂ ಒಯ್ಯಲಿ.